ಅನಾಹತವೂ ಅನಾಹುತವೂ

ಕಾಯಿಲೆಗಳಲ್ಲೂ ಮರ್ಯಾದಸ್ಥ ಕಾಯಿಲೆಗಳೆಂದು ಕೆಲವಿವೆ. ಜ್ವರ ಬಂದರೆ ರಜೆ ಚೀಟಿಯಲ್ಲಿ ಬರೆಯಬಹುದು. 'ಎದೆಯ ಮೇಲೆ ಯಾರೋ ಕೂತ ಹಾಗಿದೆ' ಎಂದರೆ ಶಿಕಾರಿಪುರದ ನಮ್ಮ ಕಚೇರಿಯಲ್ಲಿ 'ಯಾರ್ರೀ ಅದು?' ಎಂದು ಕೇಳುವವರೇ ಎಲ್ಲ. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಗುಂಡುಕಲ್ಲಿನ ಹಾಗಿದ್ದೀರಿ ಎಂದರು. ಕಲ್ಲು ಎಂಬ ಮಾತೇ ನನಗಾಗದು.

ಅದಕ್ಕೆ ಕಾರಣ ಆನವಟ್ಟಿಯಲ್ಲಿರುವ ನನ್ನ ಗಿರಿಜಕ್ಕ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಕಟ್ಟಿಗೆ, ಪುರೋಹಿತರು, ಬಾಳೆಲೆ ಎಂದು ಓಡಾಡುವುದರಲ್ಲಿ ನನಗೆ ಅಳಲು ಪುರುಸೊತ್ತೇ ಆಗಲಿಲ್ಲ. ಹದಿಮೂರನೆಯ ದಿನ ಅಕ್ಕ ಎಲ್ಲರೆದುರು, 'ಒಂದು ಹನಿ ಕಣ್ಣೀರು ಹಾಕ್ಲಿಲ್ವಲ್ಲೋ! ನಿಂಗೆ ಎದೆ ಅನ್ನೋದೇ ಇಲ್ಲ ಬಿಡು, ಕಲ್ಲು' ಎಂದುಬಿಟ್ಟಳು. ಅಂದಿನಿಂದ ಅವಳೊಡನೆ ಮಾತು ಬಿಟ್ಟೆ. ಇಲ್ಲವೆಂದ ಎದೆಯೇ ನೋಯತೊಡಗಿತು.

ಕೊನೆಗೆ ನಮ್ಮೂರ ಶಾಲೆಯಲ್ಲಿದ್ದ ಡ್ರಿಲ್ ಮೇಷ್ಟ್ರ ಬಳಿ ಹೋದೆ. ನಿವೃತ್ತರಾದ ಮೇಲೆ ಅವರು ಯೋಗ ಹೇಳಿಕೊಡುತ್ತಿದ್ದರು. ಬೆನ್ನುಮೂಳೆಯುದ್ದಕ್ಕೂ ಚಕ್ರಗಳಿವೆಯಂತೆ; ನನ್ನಂಥ ಗುಮಾಸ್ತನಿಗೆ ಪಹಣಿಯಲ್ಲಿ ಸರ್ವೆ ನಂಬರುಗಳನ್ನು ಕಂಡಂತಾಯಿತು. ನುಂಗಿಕೊಂಡ ದುಃಖ ಎದೆಯ ಚಕ್ರದಲ್ಲಿ ಕೂತುಬಿಡುತ್ತದಂತೆ. ಆ ಚಕ್ರದ ಹೆಸರು ಅನಾಹತ. 'ಅತ್ತುಬಿಡ್ರೀ, ತೆರಕೊಂತೈತಿ' ಎಂದರು. ಹದಿನೈದು ದಿನ ಪದ್ಮಾಸನ ಹಾಕಿ ಅಳಲು ಪ್ರಯತ್ನಪಟ್ಟೆ. ಕಾಲು ಜೋಮು ಹಿಡಿಯಿತೇ ಹೊರತು ಕಣ್ಣು ಒದ್ದೆಯಾಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತರಕಾರಿಗೆ ಹೋದ ನನ್ನ ಹೆಂಡತಿ ಶಾರದೆಗೆ ಮೇಷ್ಟ್ರು ಸಿಕ್ಕಿ, 'ನಿಮ್ಮ ಯಜಮಾನ್ರ ಎದಿಯೊಳಗಿನ ಅನಾಹತ ಭಾಳ ಬಿಗಿಯಾಗೇತಮ್ಮ' ಎಂದರಂತೆ. ಇವಳಿಗೆ ಕೇಳಿಸಿದ್ದು ಅನಾಹುತ. ಚೀಲ ಹಿಡಿದುಕೊಂಡೇ ಬಸ್ ನಿಲ್ದಾಣಕ್ಕೆ ಓಡಿದಳು. ನಮ್ಮ ಕಡೆ ಅವಸರದ ಸುದ್ದಿಗೆ ಕಂಡಕ್ಟರರೇ ಗತಿ. ಆನವಟ್ಟಿ ಬಸ್ಸಿನ ಮಹಬೂಬ್ ಸಾಬರಿಗೆ, 'ಇವ್ರ ಎದೇಲಿ ಏನೋ ಅನಾಹುತ ಆಗಿದ್ಯಂತೆ, ನಮ್ಮತ್ತಿಗೆ ಗಿರಿಜಮ್ಮಂಗೆ ಹೇಳ್ಬಿಡಿ' ಎಂದಳು. ಸಾಬರು ಒಳ್ಳೆಯವರು, ಸುದ್ದಿ ಮುಟ್ಟಿಸಿದರು. ಆದರೆ ಬಸ್ಸಿನ ಗದ್ದಲದಲ್ಲಿ ಎದೆ ದಾರಿಯಲ್ಲೆಲ್ಲೋ ಇಳಿದುಹೋಗಿ, ಆನವಟ್ಟಿ ತಲುಪಿದ್ದು ಬರೀ ಅನಾಹುತ.

ಮಧ್ಯಾಹ್ನ ನಾನು ಜಗಲಿಯಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದೆ. ಬೀದಿಯ ತುದಿಯಿಂದಲೇ ಗೋಳಾಡುತ್ತ ಬಂದ ಅಕ್ಕ ನನ್ನನ್ನು ಕಂಡು ಗಕ್ಕನೆ ನಿಂತಳು. ಒಂದು ಕಾಲಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಭಾವನದು. 'ಬದುಕಿದ್ದೀಯೇನೋ!' ಎಂದವಳೇ ಬೆನ್ನಿಗೆ ನಾಲ್ಕು ಗುದ್ದಿದಳು. 'ಅಮ್ಮನೂ ಹೋದ್ಲು, ನೀನೂ ಹೋದೆ ಅಂತ ಬಸ್ಸಲ್ಲಿ ದಾರಿ ಪೂರ್ತಿ ಅತ್ಕಂಡು ಬಂದ್ನಲ್ಲೋ ಮಾರಾಯ. ಅವತ್ತು ನಾನು ಹಂಗನ್ನಬಾರದಿತ್ತು ಕಣೋ.'

ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ ಅತ್ತುಬಿಟ್ಟೆ. ಅಮ್ಮನಿಗಾಗಿ ಅತ್ತೆ, ಅಕ್ಕನ ಚಪ್ಪಲಿ ನೋಡಿಯೂ ಅತ್ತೆ. 'ಮೆಣಸಿನಕಾಯಿ ಖಾರ' ಎಂದೆ. 'ಇರ್ಲಿ, ಅಳು' ಎಂದಳು. ಎಷ್ಟು ಹಾಯೆನಿಸಿತೆಂದರೆ, ಅಂದು ಎರಡು ವರ್ಷದ ಮೇಲೆ ಪೂರ್ತಿ ಉಸಿರೆಳೆದುಕೊಂಡೆ.

ಮೇಷ್ಟ್ರು ನನ್ನ ಅನಾಹತವನ್ನು ತಾವೇ ತೆರೆಸಿದ್ದಾಗಿ ಊರಿಗೆಲ್ಲ ಹೇಳುತ್ತಿದ್ದಾರೆ. ನಾನು ಬೇಡವೆನ್ನಲಿಲ್ಲ. ಅಕ್ಕ ಇಲ್ಲೇ ಉಳಿದುಕೊಂಡು ಅಮ್ಮ ಮಾಡುತ್ತಿದ್ದ ಕಡುಬನ್ನು ದಿನವೂ ಬಡಿಸುತ್ತಾಳೆ. ಸಾಕೆಂದರೆ ಅವಳ ಕಣ್ಣು ತುಂಬುತ್ತದೆ. ಹೀಗಾಗಿ ಎದೆಯ ಭಾರ ಒಂದು ಚಕ್ರ ಕೆಳಗಿಳಿದು ಕೂತಿದೆ. ಹೊಟ್ಟೆಯ ಚಕ್ರಕ್ಕೆ ಏನು ಹೆಸರೆಂದು ಮೇಷ್ಟ್ರನ್ನು ಕೇಳಬೇಕು, ಶಾರದೆ ಹತ್ತಿರ ಇಲ್ಲದಾಗ.