ಛಾವಣಿಗೆ ಸನ್ಮಾನ

ಕಚೇರಿಯಿಂದ ಹೊರಡುವ ಪ್ರತಿಯೊಂದು ಪತ್ರವೂ ಪದಪಟ್ಟಿಯ ಮೂಲಕವೇ ಹೊರಡತಕ್ಕದ್ದು ಎಂಬ ಆದೇಶ ಸೋಮವಾರದಿಂದ ಜಾರಿಗೆ ಬಂತು. ಪಟ್ಟಿಯ ಎಡಗಡೆ ಅಪ್ರಿಯ ಪದ, ಬಲಗಡೆ ಅದರ ಜಾಗಕ್ಕೆ ಬರಬೇಕಾದ ಪ್ರಿಯ ಪದ. ಬದಲಿಸುವ ಕೆಲಸ ಕಂಪ್ಯೂಟರಿನದು. ಇನ್ನೂರ ಹದಿನಾಲ್ಕು ಸಾಲಿನ ಆ ಪಟ್ಟಿಯನ್ನು ಒಂದೂ ತಪ್ಪಿಲ್ಲದೆ ಟೈಪು ಮಾಡಿದವರು ಟೈಪಿಸ್ಟಮ್ಮ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವರು ತಪ್ಪು ಮಾಡಿದ್ದನ್ನು ಕಂಡವರಿಲ್ಲ.

ಬುಧವಾರ ಅವರ ನೆತ್ತಿಯ ಮೇಲಿನ ಛಾವಣಿಯಿಂದ ಅಂಗೈಯಗಲದ ಗಾರೆ ಕಳಚಿ ಕೀಲಿಮಣೆಯ ಮೇಲೆ ಬಿತ್ತು. ಟೈಪಿಸ್ಟಮ್ಮ ಅದನ್ನು ಒರೆಸಿ, ಮೇಲಿನ ಕಚೇರಿಗೆ ಪತ್ರ ಬರೆದರು: "ಛಾವಣಿಯಲ್ಲಿ ಬಿರುಕು ಮೂಡಿದೆ. ನನಗೆ ಅಪಾಯವಿದೆ. ಬೇಗ ದುರಸ್ತಿ ಮಾಡಿಸಿ."

ಪಟ್ಟಿ ದಾಟಿ ಪತ್ರ ತಲುಪಿದ್ದು ಹೀಗೆ: "ಛಾವಣಿಯಲ್ಲಿ ಚಿತ್ತಾರ ಮೂಡಿದೆ. ನನಗೆ ಆನಂದವಿದೆ. ಬೇಗ ಸನ್ಮಾನ ಮಾಡಿಸಿ."

ಮೂರೇ ದಿನದಲ್ಲಿ ಮಂಜೂರಾತಿ ಬಂತು. ಅಷ್ಟು ಬೇಗ ಅಲ್ಲಿಂದ ಯಾವ ಉತ್ತರವೂ ಬಂದದ್ದಿಲ್ಲ.

"ಸಾರ್, ನಾನು ಕೇಳಿದ್ದು ದುರಸ್ತಿ," ಎಂದರು ಟೈಪಿಸ್ಟಮ್ಮ, ತಲೆಯ ಮೇಲೆ ದಪ್ಪ ರಿಜಿಸ್ಟರು ಹಿಡಿದುಕೊಂಡು.

"ಗೊತ್ತಮ್ಮ," ಎಂದರು ಸಾಹೇಬರು. "ಕಡತದಲ್ಲಿ ಸನ್ಮಾನ ಅಂತಿದೆಯಲ್ಲ. ಕಡತ ಬಿಟ್ಟು ಛಾವಣಿ ನೋಡೋಕೆ ನಾನೇನು ಗಾರೆ ಕೆಲಸದವನಾ?"

"ಹಾಗಾದ್ರೆ ಪಟ್ಟಿನೇ ತೆಗೆಸಿ."

"ಬರೆದು ಕೊಡಿ."

ಅವರು "ಪದಪಟ್ಟಿಯನ್ನು ರದ್ದು ಮಾಡಿ" ಎಂದು ಬರೆದರು. ಅದು "ಪದಪಟ್ಟಿಯನ್ನು ವಿಸ್ತರಣೆ ಮಾಡಿ" ಎಂದು ಹೊರಟಿತು. ಪಟ್ಟಿ ಎಲ್ಲ ಶಾಖೆಗಳಿಗೂ ಹಬ್ಬಿತು.

"ನೂರ ಎಂಬತ್ತೇಳನೇ ಸಾಲು, ಮೇಡಂ," ಎಂದ ಕಂಪ್ಯೂಟರಿನವನು. "ನೀವೇ ಹೊಡೆದದ್ದಲ್ವಾ?"

"ಗೊತ್ತಪ್ಪ. ಅದರಲ್ಲೂ ತಪ್ಪಿಲ್ಲ ತಾನೇ?"

ನಿಗದಿಯಾದ ದಿನ ಸಿಬ್ಬಂದಿ ಸಾಲಾಗಿ ನಿಂತರು. ಸಾಹೇಬರು ಕತ್ತೆತ್ತಿ ಛಾವಣಿಗೆ ಪ್ರಶಸ್ತಿಪತ್ರ ಓದಿದರು. ಚಪ್ಪಾಳೆಯ ಸದ್ದಿಗೆ ಛಾವಣಿ ಇಡಿಯಾಗಿ ಕೆಳಗಿಳಿಯಿತು. ಮುನ್ನೆಚ್ಚರಿಕೆಯಾಗಿ ಮೇಜಿನ ಕೆಳಗೆ ಕೂತೇ ಚಪ್ಪಾಳೆ ತಟ್ಟುತ್ತಿದ್ದ ಟೈಪಿಸ್ಟಮ್ಮನಿಗೆ ಒಂದು ಗೀರೂ ಆಗಲಿಲ್ಲ. ಉಳಿದವರು ಬಾಗಿಲಿಗೆ ಓಡಿದ್ದರು.

"ವರದಿ ಹೊಡೀರಮ್ಮ," ಎಂದರು ಸಾಹೇಬರು, ಹುಬ್ಬಿನ ಮೇಲಿನ ಸುಣ್ಣ ಕೊಡವಿಕೊಳ್ಳುತ್ತಾ.

ಟೈಪಿಸ್ಟಮ್ಮ ಎದ್ದು, ಧೂಳು ಒರೆಸಿ, ಹೊಡೆದರು: "ಸನ್ಮಾನಿತ ಛಾವಣಿ ಸಿಬ್ಬಂದಿಯೊಂದಿಗೆ ಬೆರೆತಿದೆ. ಕಚೇರಿಯಲ್ಲಿ ಬೆಳಕು ಹೆಚ್ಚಿದೆ. ಎಲ್ಲರಿಗೂ ಆನಂದವಿದೆ."

ಕಂಪ್ಯೂಟರಿನವನು ವರದಿಯನ್ನು ಪಟ್ಟಿಗೆ ಕೊಟ್ಟ. ಬದಲಿಸಲು ಒಂದು ಪದವೂ ಸಿಗಲಿಲ್ಲ.

"ನೋಡಿ," ಎಂದರು ಸಾಹೇಬರು ಸಿಬ್ಬಂದಿಯತ್ತ ತಿರುಗಿ. "ಕಲಿತುಕೊಳ್ಳಿ."

ಟೈಪಿಸ್ಟಮ್ಮ ಬಿಸಿಲಿಗೆ ಕೊಡೆ ಬಿಡಿಸಿ ಕುರ್ಚಿಗೆ ಕಟ್ಟಿಕೊಂಡು, ಮುಂದಿನ ಪತ್ರ ಕೈಗೆತ್ತಿಕೊಂಡರು.