ಏರ್ ಮಾರ್ಷಲರಿಗೊಂದು ಯುದ್ಧ

ಕನ್ನಡ ಸಂಘದ ಮುಖ್ಯ ಅತಿಥಿಯ ಪರಿಚಯ ಬರೆಯುವ ಕೆಲಸ ಲತೇಶನ ತಲೆಗೆ ಬಂದದ್ದು ಅವನ ಅಕ್ಷರ ಚೆಂದ ಎಂಬ ಒಂದೇ ಅಪರಾಧಕ್ಕೆ. ಕೊಲ್ಲಿ ದೇಶದ ಅಲ್ ಕೂಜ್‌ನ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಅವನು ಬರೆದ ವಿಳಾಸಗಳನ್ನು ನೋಡಿ, ಗೋದಾಮಿನ ಧಣಿಯೂ ಸಂಘದ ಅಧ್ಯಕ್ಷರೂ ಆದ ಪೂವಪ್ಪಣ್ಣ ಅವನೊಳಗೊಬ್ಬ ಸಾಹಿತಿಯನ್ನು ಕಂಡುಹಿಡಿದಿದ್ದರು.

“ಸಂಜೆ ಅತಿಥಿ ಖುಷಿಯಾದ್ರೆ ನಿನ್ನ ಹದಿನೈದು ದಿನದ ರಜೆ ಪಾಸ್. ಮುಖ ಗಂಟು ಹಾಕಿದ್ರೆ ಖಲಾಸ್,” ಎಂದಿದ್ದರು ಧಣಿ.

ಲತೇಶನ ಮಗಳಿಗೆ ಮೂರು ತಿಂಗಳು. ಬಂಟ್ವಾಳದಲ್ಲಿದ್ದ ಆ ಕೂಸು ಅಪ್ಪನನ್ನು ನೋಡಿದ್ದು ಫೋನಿನಲ್ಲಿ ಮಾತ್ರ, ನೋಡಿದಾಗಲೆಲ್ಲ ಅಳುತ್ತಿತ್ತು.

ಅತಿಥಿ ಏರ್ ಮಾರ್ಷಲ್ ಆನ್ಸೆಲ್ಮ್, ಯುದ್ಧವಿಮಾನದ ಪೈಲಟ್ ಆಗಿ ಸೇರಿ ಬಹು ದೊಡ್ಡ ಹುದ್ದೆಯಲ್ಲಿ ನಿವೃತ್ತರಾದವರು. ಅಬುಧಾಬಿಯಲ್ಲಿರುವ ಮಗಳ ಮನೆಗೆ ಬಂದಿದ್ದರು. ಅವರು ತಮ್ಮ ಬಗ್ಗೆ ಕಳಿಸಿದ ಒಂದು ಪುಟ ಓದಿ ಲತೇಶ ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದ. ನಾಲ್ಕು ವರ್ಷ ವಿಮಾನ. ಆಮೇಲೆ ಬೆನ್ನುನೋವು. ಆಮೇಲೆ ಮೂವತ್ತೆರಡು ವರ್ಷ ಕಚೇರಿ; ಒಂದು ಕುರ್ಚಿಯಿಂದ ಇನ್ನೊಂದಕ್ಕೆ, ಪ್ರತಿಸಲವೂ ತುಸು ಎತ್ತರದ್ದಕ್ಕೆ. ಕೊನೆಗೆ ಇಡೀ ಪಡೆಯ ಶೂ ಮತ್ತು ಸಾಕ್ಸುಗಳ ಮೇಲುಸ್ತುವಾರಿ.

ಮಧ್ಯಾಹ್ನ ಸಭಾಂಗಣದಲ್ಲಿ ಸಮಿತಿ ಆ ಪುಟದ ಮೇಲೆ ನೊಣಗಳಂತೆ ಮುತ್ತಿತು.

“ಇದು ಪರಿಚಯವಾ, ರೇಷನ್ ಕಾರ್ಡಾ?” ಎಂದರು ಮಹಿಳಾ ಘಟಕದ ಹರಿಣಾಕ್ಷಿಯಕ್ಕ. “ಒಂದು ಯುದ್ಧವಾದ್ರೂ ಬೇಡ್ವಾ ಮಾರಾಯ? ಎಪ್ಪತ್ತೊಂದರದ್ದು ಹಾಕು.”

“ಅಕ್ಕ, ಆಗ ಅವರು ಆರನೇ ಕ್ಲಾಸು.”

“ಇಸವಿ ಹೇಳ್ಬೇಡ. ಯಾರು ಕೇಳ್ತಾರೆ?”

ಸಿಲಿಕಾನ್ ಓಯಸಿಸ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದ ಮೈಸೂರಿನ ಶ್ರೀನಿವಾಸಮೂರ್ತಿ ಪೆನ್ನು ಕಿತ್ತುಕೊಂಡರು. “ರೀ ಲತೇಶ್, ವಿಮಾನಕ್ಕೆ ಬೆಂಕಿ ಹತ್ಲಿ ಕಣ್ರೀ. ಒಂದೇ ರೆಕ್ಕೇಲಿ ಇಳಿಸಿದ್ರು ಅನ್ನಿ. ನಮ್ಮ ಆಫೀಸಲ್ಲಿ ಎಲ್ರ ಬಯೋಡೇಟಾನೂ ಹೀಗೇ ಇರೋದು.”

“ಇಳಿದದ್ದು ಮರುಭೂಮಿಗೆ ಅಂತ ಬರಿ,” ಎಂದರು ಪೂವಪ್ಪಣ್ಣ. “ಇಲ್ಲಿಯವರಿಗೆ ಬೇಗ ಅರ್ಥ ಆಗ್ತದೆ. ಆ ಸಾಕ್ಸು ಮಾತ್ರ ತೆಗಿ.”

ಸಂಜೆಯ ಹೊತ್ತಿಗೆ ಏರ್ ಮಾರ್ಷಲರು ಮೂರು ಶತ್ರುವಿಮಾನ ಉರುಳಿಸಿ, ಸುಟ್ಟ ವಿಮಾನದಿಂದ ಎದ್ದು, ಎರಡು ದಿನ ನೀರಿಲ್ಲದೆ ಮರಳಲ್ಲಿ ನಡೆದಿದ್ದರು.

ಲತೇಶ ಒಂದು ಕಣ್ಣನ್ನು ಅತಿಥಿಯ ಮೇಲಿಟ್ಟೇ ವೇದಿಕೆಯಲ್ಲಿ ಓದತೊಡಗಿದ. ಮೊದಲ ವಿಮಾನ ಬಿದ್ದಾಗ ಅತಿಥಿ ಸೆಟೆದು ಕೂತರು. ರೆಕ್ಕೆ ಮುರಿದಾಗ ಕಣ್ಣು ಮುಚ್ಚಿದರು. ಮರುಭೂಮಿ ಬಂದಾಗ ಎದ್ದು ಬಂದು ಮೈಕನ್ನೇ ಎಳೆದುಕೊಂಡರು. ಹೋಯಿತು ರಜೆ, ಅಂದುಕೊಂಡ ಲತೇಶ.

“ಇವೆಲ್ಲ ರಹಸ್ಯ ಕಾರ್ಯಾಚರಣೆಗಳು,” ಎಂದರು ಏರ್ ಮಾರ್ಷಲರು. “ನನ್ನ ಹೆಂಡತಿಗೂ ಹೇಳಿರ್ಲಿಲ್ಲ. ಇವರಿಗೆ ಹೇಗೆ ಗೊತ್ತಾಯ್ತೋ ದೇವರೇ ಬಲ್ಲ! ಒಂದು ಸಣ್ಣ ತಿದ್ದುಪಡಿ ಉಂಟು. ವಿಮಾನ ಮೂರಲ್ಲ, ಐದು.”

ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ನಿಜಕ್ಕೂ ಈಗಷ್ಟೇ ಕೇಳಿದವರಂತೆ ಬಾಯಿ ತೆರೆದರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಆ ಯುದ್ಧವನ್ನು ಮಧ್ಯಾಹ್ನ ಊಟ ಬಿಟ್ಟು ಕಟ್ಟಿದ್ದ ಹರಿಣಾಕ್ಷಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅತಿಥಿಯ ಜೊತೆ ಏನೋ ಪಿಸುಗುಟ್ಟಿ ಬಂದ ಪೂವಪ್ಪಣ್ಣ ಲತೇಶನನ್ನು ತಬ್ಬಿಕೊಂಡರು. “ಪಾಸ್ ಮಾರಾಯ! ಹದಿನೈದು ದಿನ ಅಲ್ಲ, ಇಡೀ ತಿಂಗಳು!”

ಲತೇಶ ಆಗಲೇ ಹೆಂಡತಿ ಸುಪ್ರೀತಾಗೆ ಫೋನು ಹಚ್ಚಿದ್ದ. “ಹೊರಟೆ ಮಾರಾಯ್ತಿ! ಟಿಕೆಟ್ ಈಗಲೇ ಮಾಡ್ತೇನೆ.”

“ಟಿಕೆಟ್ ಎಂತಕ್ಕೆ?” ಪೂವಪ್ಪಣ್ಣ ಹುಬ್ಬೇರಿಸಿದರು. “ಅಬುಧಾಬಿಗೆ ಕಾರಲ್ಲೇ ಬಿಡ್ತೇನೆ. ಸಾಹೇಬರು ಆತ್ಮಕತೆ ಬರೆಸ್ತಾರಂತೆ, ನೀನೇ ಆಗ್ಬೇಕಂತೆ. ರಜೆ ಕೊಟ್ಟದ್ದೇ ಅದಕ್ಕಲ್ವಾ? ಬೆಳಿಗ್ಗೆ ಆರಕ್ಕೆ ಯಲ್ಲಾ, ಹೊರಡುವ. ಹಾಂ, ಉಳಿದ ಎರಡು ವಿಮಾನ ಹೇಗೆ ಬಿದ್ದವು ಅಂತ ದಾರಿಯಲ್ಲಿ ಯೋಚಿಸಿಕೊಂಡು ಬರ್ಬೇಕಂತೆ.”