ಒಗೆಯುವ ಕಲ್ಲಿನೊಳಗಿನ ಅರಣ್ಯ

ಇಂದ:
ಜೈತುನಬೀ, ಬಳೆ ವ್ಯಾಪಾರ, ಕಾಲುವೆ ದಂಡೆಯ ಓಣಿ, ಶಹಾಪುರ ತಾಲೂಕು.

ಗೆ:
ಮಾನ್ಯ ಅಧಿಕಾರಿಗಳು, ಗತಿಸಿದ ಅರಣ್ಯಗಳ ಶಾಖೆ (ಇಂಥ ಶಾಖೆ ಇಲ್ಲದಿದ್ದಲ್ಲಿ, ಯಾರಿದ್ದಾರೋ ಅವರು).

ವಿಷಯ: ಒಗೆಯುವ ಕಲ್ಲಿನ ಕಾರಣ ಮನೆಯ ಜಾಗ ಅರಣ್ಯವಾಗಿರುವ ಕುರಿತು.

ಉಲ್ಲೇಖ: ಗುಮಾಸ್ತ ಬಸವಂತ ಅವರ ಬಾಯಿಮಾತು, ಮೂರು ಸಲ.

ಮಾನ್ಯರೇ,

ನಾಡಿನ ಭೂಗೋಳವನ್ನೇ ಬದಲಿಸಿದ ಒಂದು ಕಲ್ಲಿನ ಸಂಗತಿಯನ್ನು ತಮ್ಮ ಘನ ಅವಗಾಹನೆಗೆ ತರಲಾಗಿದೆ.

೧. ಸದರಿ ಕಲ್ಲು ಅರ್ಜಿದಾರಳ ಹಿತ್ತಿಲಲ್ಲಿ ಇಪ್ಪತ್ತೆರಡು ವರ್ಷದಿಂದ ಬಟ್ಟೆಯ ಏಟು ತಿನ್ನುತ್ತಿದೆ. ಪಕ್ಕದ ಮನೆಯ ನಂದಿನಿ, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವಳು, ಅದರ ಸಾಬೂನು ತೊಳೆದು ಭೂತಗನ್ನಡಿ ಹಿಡಿದು, "ಖಾಲಾ, ಇದು ಬರೇ ಕಲ್ಲಲ್ಲ, ಕಲ್ಲಾದ ಮರ ಐತಿ!" ಎಂದಳು. ಬೇಸಿಗೆಯಲ್ಲಿ ಬೆಳವಣಿಗೆ ನಿಂತರೆ ಮರದೊಳಗೆ ಉಂಗುರ ಬೀಳುತ್ತದೆ; ಇದರಲ್ಲಿ ಉಂಗುರವೇ ಇಲ್ಲ; ಕಾರಣ ಆ ಕಾಲಕ್ಕೆ ಇಲ್ಲಿ ವರ್ಷವಿಡೀ ಮಳೆ ಇದ್ದಿರಬೇಕು ಎಂದು ವಿವರಿಸಿದಳು.

"ಹನ್ನೆರಡು ತಿಂಗಳಾ ಮಳಿ? ಹಂಗಾರ ಅರಿವಿ ಒಣಗತಿದ್ದಿಲ್ಲ ಬಿಡು," ಎಂದು ಅರ್ಜಿದಾರಳು ಮರುಗಿದಳು.

೨. ಕಲ್ಲನ್ನು ಕಾಪಾಡಬೇಕೆಂದು ನಂದಿನಿ ತಾಲೂಕು ಕಚೇರಿಗೆ ಬರೆದಳು: "ಆರೂವರೆ ಕೋಟಿ ವರ್ಷಗಳ ಹಿಂದೆ ಈ ಸೀಮೆಯಲ್ಲಿ ದಟ್ಟ ಅರಣ್ಯವಿತ್ತು." ಆ ಪತ್ರ, ಮನೆಯ ಜಾಗದ ಹಕ್ಕುಪತ್ರ ಕೋರಿ ಅರ್ಜಿದಾರಳು ಅಲ್ಲೇ ಮೊದಲೇ ಹಾಕಿದ್ದ ಅರ್ಜಿಯ ಕಡತ ಸೇರಿತು. "ಜಾಗದ ಸ್ವರೂಪ" ಎಂಬಲ್ಲಿ ಬಸವಂತ ಅವರು "ಅರಣ್ಯ" ಎಂದು ಬರೆದರು. ಅರಣ್ಯದ ಜಾಗ ಯಾರಿಗೂ ಕೊಡುವಂತಿಲ್ಲವೆಂದು ಹಕ್ಕುಪತ್ರ ಅಲ್ಲಿಗೇ ನಿಂತಿತು.

೩. ವಿಚಾರಿಸಲಾಗಿ ಅವರು, "ಅರಣ್ಯ ಇತ್ತೋ ಇಲ್ಲೋ, ಅಷ್ಟು ಹೇಳ್ರಿ," ಎಂದರು.

"ಇತ್ತರಿ, ಈ ಕಲ್ಲು ಅದರಾಗಿನ ಮರಾನ ಐತಿ. ಆದ್ರ ಆರೂವರಿ ಕೋಟಿ ವರ್ಷದ ಹಿಂದ!"

"ಯಾವಾಗ ಅಂತ ಬರಿಯಾಕ ಕಾಲಂ ಇಲ್ರಿ ಯಮ್ಮಾ."

೪. ಆದ್ದರಿಂದ ಅರ್ಜಿದಾರಳು ಮರುದಿನ ಹೋಗಿ ನಿಜ ಹೇಳಿದಳು: ಕಲ್ಲು ಈ ಜಾಗದ್ದೇ ಅಲ್ಲ; ಗುರುಮಠಕಲ್ ಕಡೆಯ ತವರಿನಿಂದ, ಮದುವೆಯಲ್ಲಿ ಅವಳ ಅಬ್ಬಾ ಬಂಡಿಯಲ್ಲಿ ಹೇರಿ ಕಳಿಸಿದ್ದು.

"ಹಂಗಾರ ಕಟ್ಟಿಗಿ ಸಾಗಿಸಿದ ಪರ್ಮಿಟ್ ತೋರಸ್ರಿ."

"ಅದು ಕಲ್ಲರಿ ಸಾಹೇಬ್ರ!"

"ನಿನ್ನಿ ಮರ ಅಂದ್ರಿ?"

ಅರ್ಜಿದಾರಳು ಅಲ್ಲಿಂದ ನೇರ ಅರ್ಜಿ ಬರೆಯುವವನ ಬಳಿ ಬಂದಳು.

ಕಾರಣ, ತಾವು ದಯಮಾಡಿ "ಅರಣ್ಯ" ಪದವನ್ನು ಹೊಡೆದುಹಾಕಿ ಹಕ್ಕುಪತ್ರ ಕೊಡಿಸಬೇಕು. ಅದು ಸಾಧ್ಯವಾಗದಿದ್ದಲ್ಲಿ, ಸದರಿ ಅರಣ್ಯಕ್ಕೆ ಸೇರಿದ ಹನ್ನೆರಡು ತಿಂಗಳ ಮಳೆಯನ್ನಾದರೂ ಮಂಜೂರು ಮಾಡಬೇಕು.

ಕಾಡಿನಲ್ಲಿದ್ದೂ ತಮ್ಮನ್ನೇ ನಂಬಿರುವ,
ಜೈತುನಬೀ (ಹೆಬ್ಬೆಟ್ಟು)
ಬರೆದವನು: ಗಯಾಸ, ಅರ್ಜಿ ಬರೆಯುವವ

ಅಡಕ:
ನಂದಿನಿಯ ಪತ್ರದ ನಕಲು.
ಕಲ್ಲು (ಭಾರವಿರುವ ಕಾರಣ ಹಿತ್ತಿಲಲ್ಲೇ ಲಗತ್ತಿಸಿದೆ).

ಕಚೇರಿಯ ಷರಾ: ಸ್ಥಳ ಪರಿಶೀಲಿಸಲಾಯಿತು. ಅರಣ್ಯ ಕಂಡುಬರಲಿಲ್ಲ. ಅದನ್ನು ಕಡಿದವರು ಯಾರೆಂದು ಅರ್ಜಿದಾರಳು ಏಳು ದಿನದೊಳಗೆ ಲಿಖಿತ ಉತ್ತರ ನೀಡತಕ್ಕದ್ದು.